ಚೆಂಡು ಬೇರೆ, ಕ್ಯಾಲೆಂಡರ್ ಬೇರೆ: ಅಮೆರಿಕಕ್ಕೆ ಬಂದ ಜಪಾನ್ ಪಿಚರ್‌ಗಳು

ನಮಸ್ಕಾರ ಎಲ್ಲರಿಗೂ. ಇವತ್ತು ಬೇಸ್‌ಬಾಲ್, ಅದರಲ್ಲೂ ಜಪಾನ್‌ನಿಂದ ಅಮೆರಿಕಕ್ಕೆ ಬಂದ ಪಿಚರ್‌ಗಳ, ಅಂದರೆ ಚೆಂಡು ಎಸೆಯುವವರ ಕಥೆ. ಆಟ ಗೊತ್ತಿಲ್ಲ ಅಂತ ಸ್ಕಿಪ್ ಮಾಡಬೇಡಿ. ಬೌಲರ್‌ಗಳ ಕಷ್ಟಸುಖ ನೋಡುತ್ತಾ ಬೆಳೆದವರು ನಾವು, ಇದು ನಿಮಗೆ ಬೇಗ ಹಿಡಿಸುತ್ತದೆ.

ಮೊದಲು ಈ ಕ್ಲಿಪ್ ನೋಡಿ. 2024ರ ಮಾರ್ಚ್ 21, ದಕ್ಷಿಣ ಕೊರಿಯಾದ ಸಿಯೋಲ್. ಮೌಂಡ್, ಅಂದರೆ ಪಿಚರ್ ಎಸೆಯುವ ಮಣ್ಣಿನ ದಿಬ್ಬದ ಮೇಲೆ ನಿಂತಿರುವವರು ಯೋಶಿನೊಬು ಯಮಮೊಟೊ. ಜಪಾನ್‌ನಲ್ಲಿ ಸತತ ಮೂರು ವರ್ಷ ಸವಾಮುರಾ ಪ್ರಶಸ್ತಿ ಗೆದ್ದವರು, ಅಲ್ಲಿ ಪಿಚರ್‌ಗೆ ಅದಕ್ಕಿಂತ ದೊಡ್ಡ ಗೌರವ ಇಲ್ಲ. ಅಮೆರಿಕದ ಅತಿ ದೊಡ್ಡ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ನಲ್ಲಿ ಒಂದು ಎಸೆತವನ್ನೂ ಹಾಕುವ ಮೊದಲೇ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡ ಇವರಿಗೆ 12 ವರ್ಷಕ್ಕೆ 32.5 ಕೋಟಿ ಡಾಲರ್ ಒಪ್ಪಂದ ಕೊಟ್ಟಿತ್ತು. ಮೊದಲ ಪಂದ್ಯದಲ್ಲಿ ಏನಾಯ್ತು? ಬೇಸ್‌ಬಾಲ್ ಪಂದ್ಯದಲ್ಲಿ ಸಾಮಾನ್ಯವಾಗಿ ಒಂಬತ್ತು ಇನಿಂಗ್ಸ್, ಇವರು ಎಸೆದದ್ದು ಒಂದೇ ಇನಿಂಗ್ಸ್, 43 ಎಸೆತ, ಕೊಟ್ಟಿದ್ದು 5 ರನ್. ಅಷ್ಟಕ್ಕೇ ಅವರ ಆಟ ಮುಗಿಯಿತು.

ಅಮೆರಿಕದ ಬ್ಯಾಟರ್‌ಗಳು ಬಲಶಾಲಿಗಳು, ಅದಕ್ಕೇ ಜಪಾನಿನವರು ಒದ್ದಾಡುತ್ತಾರೆ ಅಂತ ಜಾಸ್ತಿ ಜನ ಹೇಳುತ್ತಾರೆ. ಅದೂ ನಿಜವೇ. ಆದರೆ ಅದಕ್ಕಿಂತ ದೊಡ್ಡ ಸಮಸ್ಯೆ ಕೈಯಲ್ಲಿರುವ ಚೆಂಡು ಮತ್ತು ಗೋಡೆ ಮೇಲಿರುವ ಕ್ಯಾಲೆಂಡರ್ ಅಂತ ನನಗೆ ಅನ್ನಿಸುತ್ತದೆ.

ಚೆಂಡು ಚೆಂಡೇ ಅಲ್ವಾ, ಏನು ವ್ಯತ್ಯಾಸ? ಎಸ್‌ಜಿ ಚೆಂಡಿನಲ್ಲಿ ಪಳಗಿದ ನಮ್ಮ ಬೌಲರ್ ಕೈಗೆ ಇಂಗ್ಲೆಂಡ್‌ನಲ್ಲಿ ಡ್ಯೂಕ್ಸ್ ಚೆಂಡು ಬಂದ ಹಾಗೆ ಇದು. ಜಪಾನ್‌ನ ಚೆಂಡಿನ ಚರ್ಮ ಬೆರಳಿಗೆ ಸ್ವಲ್ಪ ಅಂಟುತ್ತದೆ, ಗಾತ್ರವೂ ತುಸು ಚಿಕ್ಕದು. ಅಮೆರಿಕದ ಚೆಂಡು ಹೊಸದರಲ್ಲಿ ಎಷ್ಟು ಜಾರುತ್ತದೆ ಅಂದರೆ, ಪ್ರತಿ ಪಂದ್ಯಕ್ಕೂ ಮೊದಲು ಡೆಲವೇರ್ ನದಿ ಕಡೆಯಿಂದ ತಂದ ವಿಶೇಷ ಕೆಸರನ್ನು ಒಂದೊಂದು ಚೆಂಡಿಗೂ ಕೈಯಿಂದ ಉಜ್ಜುತ್ತಾರೆ. ಆಮೇಲೂ ಜಾರುತ್ತದೆ.

ಈಗ ಈ ಬೆರಳುಗಳನ್ನು ಝೂಮ್ ಮಾಡಿ ತೋರಿಸುತ್ತೇನೆ. ಇದು ಸ್ಪ್ಲಿಟರ್, ಜಪಾನ್ ಪಿಚರ್‌ಗಳ ಬ್ರಹ್ಮಾಸ್ತ್ರ. ತೋರುಬೆರಳು, ಮಧ್ಯದ ಬೆರಳು ಎರಡನ್ನೂ ಅಗಲಿಸಿ ನಡುವೆ ಚೆಂಡನ್ನು ಸಿಕ್ಕಿಸಿಕೊಳ್ಳುತ್ತಾರೆ. ತೋಳು ಬೀಸುವುದು ವೇಗದ ಎಸೆತದ ಹಾಗೆಯೇ, ಆದರೆ ಚೆಂಡು ಕಡಿಮೆ ತಿರುಗುತ್ತಾ ಹೋಗಿ ಬ್ಯಾಟರ್ ಮುಂದೆ ದಿಢೀರ್ ಅಂತ ಕೆಳಗೆ ಇಳಿಯುತ್ತದೆ. ಇಲ್ಲಿ ಹಿಡಿತವೇ ಪ್ರಾಣ. ಬೆರಳಿನಿಂದ ಒಂದು ಕೂದಲೆಳೆ ಜಾರಿದರೂ ಚೆಂಡು ಇಳಿಯದೆ ಬ್ಯಾಟಿನ ಎತ್ತರದಲ್ಲೇ ತೇಲುತ್ತದೆ, ಆಮೇಲೆ ಅದನ್ನು ಗ್ಯಾಲರಿಯಲ್ಲೇ ಹುಡುಕಬೇಕು. ಕೊಡಾಯ್ ಸೆಂಗಾ ಇದೇ ಜಾತಿಯ ಎಸೆತ ನಂಬಿಕೊಂಡು 2023ರಲ್ಲಿ ನ್ಯೂಯಾರ್ಕ್ ಮೆಟ್ಸ್‌ಗೆ ಬಂದರು. ಹೊಸ ಚೆಂಡಿಗೆ ಬೆರಳು ಪಳಗಿಸಿಕೊಂಡು ಮೊದಲ ವರ್ಷವೇ 202 ಬ್ಯಾಟರ್‌ಗಳನ್ನು ಸ್ಟ್ರೈಕ್ ಔಟ್ ಮಾಡಿದರು, ಅಂದರೆ ಚೆಂಡನ್ನು ಆಟದೊಳಗೆ ಹೊಡೆಯಲು ಬಿಡದೆಯೇ ಔಟ್ ಮಾಡಿದರು. ಇದು ಸಣ್ಣ ಸಾಧನೆ ಅಲ್ಲವೇ ಅಲ್ಲ.

ಇನ್ನು ಕ್ಯಾಲೆಂಡರ್. ಜಪಾನ್‌ನಲ್ಲಿ ಸ್ಟಾರ್ಟರ್, ಅಂದರೆ ಪಂದ್ಯವನ್ನು ಶುರು ಮಾಡುವ ಪಿಚರ್, ವಾರಕ್ಕೊಮ್ಮೆ ಎಸೆಯುತ್ತಾರೆ. ಸೋಮವಾರ ಸಾಮಾನ್ಯವಾಗಿ ಪಂದ್ಯವೇ ಇರುವುದಿಲ್ಲ. ಅಮೆರಿಕದಲ್ಲಿ 162 ಪಂದ್ಯ, ಐದು ದಿನಕ್ಕೊಮ್ಮೆ ಸರದಿ, ಮಧ್ಯೆ ವಿಮಾನ, ಬೇರೆ ಊರು, ಬೇರೆ ಟೈಮ್ ಝೋನ್. ತೋಳಿಗೆ ಸಿಗುತ್ತಿದ್ದ ಬಿಡುವು ಹೋಯಿತು. ಇದರ ಜೊತೆಗೆ ಮೌಂಡ್ ಗಟ್ಟಿ, 2023ರಿಂದ ಎಸೆತಗಳ ನಡುವಿನ ಸಮಯಕ್ಕೆ ಮಿತಿ ಹಾಕುವ ಪಿಚ್ ಕ್ಲಾಕ್ ಬೇರೆ.

ಡೈಸುಕೆ ಮಾತ್ಸುಜಾಕಾ ಕಥೆ ಕೇಳಿದರೆ ನನಗೆ ಈಗಲೂ ಸಂಕಟವಾಗುತ್ತದೆ. 1998ರ ಕೋಶಿಯೆನ್ ಹೈಸ್ಕೂಲ್ ಟೂರ್ನಿಯಲ್ಲಿ 17 ಇನಿಂಗ್ಸ್‌ನ ಒಂದೇ ಪಂದ್ಯದಲ್ಲಿ 250 ಎಸೆತ ಹಾಕಿದ ಹುಡುಗ ಅವರು. ದಿನಾ ಜಾಸ್ತಿ ಎಸೆದರೇನೇ ತೋಳು ಗಟ್ಟಿಯಾಗುತ್ತದೆ ಅನ್ನೋ ನಂಬಿಕೆಯಲ್ಲಿ ಬೆಳೆದವರು. 2007ರಲ್ಲಿ ಬಾಸ್ಟನ್ ರೆಡ್ ಸಾಕ್ಸ್‌ಗೆ ಬಂದಾಗ ಅಭ್ಯಾಸದ ಎಸೆತ ಕಡಿಮೆ ಮಾಡಿ ಎಂದು ತಂಡದವರು ಹೇಳಿದರು, ಅದು ಅವರಿಗೆ ಒಗ್ಗಲಿಲ್ಲ. ಬೇಸ್‌ಬಾಲ್‌ನಲ್ಲಿ ಗೆಲುವು-ಸೋಲನ್ನು ಪಿಚರ್ ಹೆಸರಿಗೂ ಬರೆಯುತ್ತಾರೆ; 2008ರಲ್ಲಿ ಇವರ ಹೆಸರಿಗೆ 18 ಗೆಲುವು, ಬರೀ 3 ಸೋಲು. ಆದರೆ 2011ರಲ್ಲಿ ಮೊಣಕೈ ಆಪರೇಷನ್. ತಪ್ಪು ಯಾರದು ಅಂತ ಒಂದೇ ಕಡೆ ಬೆರಳು ತೋರಿಸಲು ನನಗೆ ಆಗುವುದಿಲ್ಲ.

ಹಾಗಾದರೆ ಗೆದ್ದವರು ಏನು ಮಾಡಿದರು? ಚೆಂಡಿಗೆ, ದಿನಚರಿಗೆ ಬೇಕಾದಷ್ಟು ಮಾತ್ರ ಬದಲಾದರು, ತಮ್ಮ ಮೈಗೆ ಒಗ್ಗಿದ ಲಯ ಬಿಡಲಿಲ್ಲ. 1995ರಲ್ಲಿ ಹಿಡಿಯೊ ನೊಮೊ ಡಾಡ್ಜರ್ಸ್‌ಗೆ ಬಂದರು. ಬೆನ್ನು ಪೂರ್ತಿ ಬ್ಯಾಟರ್ ಕಡೆ ತಿರುಗಿಸಿ ಎಸೆಯುವ ಸುಂಟರಗಾಳಿ ಶೈಲಿ ಅವರದು. ಅದರಲ್ಲೇ ಆ ವರ್ಷ ಮೇಜರ್ ಲೀಗ್‌ನ ಎರಡು ವಿಭಾಗಗಳಲ್ಲಿ ಒಂದಾದ ನ್ಯಾಷನಲ್ ಲೀಗ್‌ನ ವರ್ಷದ ಹೊಸ ಆಟಗಾರ ಪ್ರಶಸ್ತಿ ಗೆದ್ದರು. ಯಮಮೊಟೊ ಎತ್ತರ 178 ಸೆಂಟಿಮೀಟರ್, ಅಮೆರಿಕದ ಪಿಚರ್‌ಗಳ ಪಕ್ಕ ನಿಂತರೆ ಚಿಕ್ಕ ಹುಡುಗನಂತೆ ಕಾಣುತ್ತಾರೆ. ಆದರೂ ಭಾರ ಎತ್ತುವ ವ್ಯಾಯಾಮಕ್ಕೆ ಬೀಳಲಿಲ್ಲ, ಜಪಾನ್‌ನಿಂದ ತಂದ ಜಾವೆಲಿನ್ ಎಸೆತದ ಅಭ್ಯಾಸವನ್ನೇ ಮುಂದುವರಿಸಿದರು. ಎಸೆಯುವಾಗ ಅವರ ಎಡಗಾಲು ನೋಡಿ, ನೆಲದಿಂದ ಏಳುವುದೇ ಇಷ್ಟಿಷ್ಟು.

ಇದೇ ಯಮಮೊಟೊ 2025ರ ವರ್ಲ್ಡ್ ಸೀರೀಸ್‌ನಲ್ಲಿ, ಅಂದರೆ ಮೇಜರ್ ಲೀಗ್‌ನ ಫೈನಲ್ ಸರಣಿಯಲ್ಲಿ, ಟೊರೊಂಟೊ ಎದುರು ಎರಡನೇ ಪಂದ್ಯವನ್ನು ಕೊನೆಯವರೆಗೂ ಒಬ್ಬರೇ ಎಸೆದರು. ಆರನೇ ಪಂದ್ಯದಲ್ಲಿ ಆರು ಇನಿಂಗ್ಸ್. ಮಾರನೇ ದಿನ, ಒಂದು ದಿನವೂ ಬಿಡುವಿಲ್ಲದೆ, ಏಳನೇ ಪಂದ್ಯದಲ್ಲಿ ಮತ್ತೆ ಬಂದು 34 ಎಸೆತ ಹಾಕಿ, ರನ್ ಕೊಡದೆ ಕಪ್ ಗೆಲ್ಲಿಸಿದರು. ಮೂರೂ ಗೆಲುವು ಅವರ ಹೆಸರಿಗೆ, ಸರಣಿ ಶ್ರೇಷ್ಠರೂ ಅವರೇ. ಆ ರಾತ್ರಿ ನಾನು ಕುರ್ಚಿಯಲ್ಲಿ ಕೂರಲೇ ಇಲ್ಲ.

ಅದೇ ಡಾಡ್ಜರ್ಸ್‌ಗೆ 2025ರಲ್ಲಿ ಜಪಾನ್‌ನ ಇನ್ನೊಬ್ಬ ಪಿಚರ್ ರೋಕಿ ಸಸಾಕಿ ಕೂಡ ಬಂದರು. ಮೇ ತಿಂಗಳಲ್ಲಿ ಭುಜ ಕೈಕೊಟ್ಟಿತು. ಸೆಪ್ಟೆಂಬರ್‌ನಲ್ಲಿ ವಾಪಸ್ ಬಂದಾಗ ಅವರಿಗೆ ಸಿಕ್ಕಿದ್ದು ಸ್ಟಾರ್ಟರ್ ಕೆಲಸವಲ್ಲ, ಪಂದ್ಯದ ಕೊನೆಗೆ ಬಂದು ಎಸೆಯುವ ಕೆಲಸ. ಅಕ್ಟೋಬರ್‌ನಲ್ಲಿ ಅದನ್ನೇ ಚೆನ್ನಾಗಿ ಮಾಡಿದರು.

ಒಂದು ಮಾತು ಹೇಳಲೇಬೇಕು. ಸ್ವಲ್ಪ ಅಂಟಿರುವ ಚೆಂಡನ್ನು ಅಮೆರಿಕದವರೇ 2023ರಲ್ಲಿ ಕೆಳ ಹಂತದ ಸದರ್ನ್ ಲೀಗ್‌ನಲ್ಲಿ ಪ್ರಯೋಗ ಮಾಡಿ ನೋಡಿದ್ದರು. ಅದನ್ನು ಮೇಜರ್ ಲೀಗ್‌ಗೂ ತರಬೇಕು ಅನ್ನೋದು ನನ್ನ ಅಭಿಪ್ರಾಯ. ಜಪಾನಿನವರಿಗೆ ಮಾತ್ರ ಅಲ್ಲ, ಜಾರಿದ ಚೆಂಡು ತಲೆಗೆ ಬಂದರೆ ಬ್ಯಾಟರ್‌ಗೂ ಅಪಾಯ ತಾನೇ? ನೀವೇನಂತೀರಿ, ಕಮೆಂಟ್‌ನಲ್ಲಿ ಬರೆಯಿರಿ.