ನಮಗೆಂದು ಬಿಡದೆ ಹೋದ ಗುರುತುಗಳು

ಕೇಳುಗರೆಲ್ಲರಿಗೂ ನಮಸ್ಕಾರ. ಕಾಲ ಇದ್ದಕ್ಕಿದ್ದಂತೆ ಹಿಂದಕ್ಕೆ ಸರಿದು, ನಾವು ಬೇರೊಂದು ಯುಗದ ನಡುವೆ ನಿಂತುಬಿಟ್ಟಿದ್ದೇವೆ ಎನ್ನಿಸುವ ಗಳಿಗೆಗಳು ಎಲ್ಲರಿಗೂ ಒಮ್ಮೆಯಾದರೂ ಒದಗುತ್ತವೆ. ಹಾಸನ ಮತ್ತು ಚಿಕ್ಕಮಗಳೂರು ಸೀಮೆಯವರಿಗಂತೂ ಅವಕ್ಕೆ ಬರವಿರಬಾರದು. ಇಲ್ಲಿ ಕೆರೆಯ ಏರಿಯ ಮೇಲೆ ನಡೆದು ಹೋದರೂ ಒಂದು ವೀರಗಲ್ಲೋ ಮಾಸ್ತಿಕಲ್ಲೋ ಎದುರಾಗುತ್ತದೆ. ಆದರೆ ಹಳೆಯದನ್ನು ನೋಡುವುದು ಬೇರೆ, ಹಳೆಯ ಕಾಲದೊಳಕ್ಕೆ ಹೋಗಿಬರುವುದು ಬೇರೆ. ನಾನು ಇಂದು ಹೇಳಹೊರಟಿರುವುದು ಈ ಎರಡನೆಯದರ ವಿಚಾರ.

ಮೊದಲಿಗೆ ಒಂದು ಗೊಂದಲವನ್ನು ಪರಿಹರಿಸಿಕೊಳ್ಳೋಣ. ಕಾಫಿ ಕೊಯ್ಲಿನ ದಿನಗಳಲ್ಲಿ ಹಣ್ಣನ್ನು ಪಲ್ಪರ್‌ಗೆ ಹಾಕಿದಾಗ ತೋಟದ ಕಣದ ಸುತ್ತ ಹರಡುವ ಹುಳಿ ವಾಸನೆ ಮೂಗಿಗೆ ಬಿದ್ದೊಡನೆ ಮಲೆನಾಡಿನಲ್ಲಿ ಬೆಳೆದವರು ತಮ್ಮ ಬಾಲ್ಯಕ್ಕೆ ಮರಳುತ್ತಾರೆ. ಇದಕ್ಕೆ ದೇಹಶಾಸ್ತ್ರದ ಕಾರಣವಿದೆ. ಮೂಗಿನಿಂದ ಹೊರಟ ಸಂವೇದನೆಗೆ, ಮಿದುಳಿನಲ್ಲಿ ನೆನಪು ಮತ್ತು ಭಾವನೆಗಳನ್ನು ನೋಡಿಕೊಳ್ಳುವ ಭಾಗಗಳನ್ನು ಮುಟ್ಟಲು ಕಣ್ಣು, ಕಿವಿಗಳಿಗಿಲ್ಲದ ನೇರ ಹಾದಿಯಿದೆ. ಆದರೆ ಆ ಹಾದಿ ನಮ್ಮನ್ನು ನಮ್ಮದೇ ಬದುಕಿನ ಗಡಿಯವರೆಗೆ ಮಾತ್ರ ಕರೆದೊಯ್ಯುತ್ತದೆ. ನಾವು ಹುಟ್ಟುವುದಕ್ಕೆ ಎಂಟುನೂರು ವರ್ಷ ಮೊದಲಿನ ಒಂದು ಮಧ್ಯಾಹ್ನಕ್ಕೆ ಹೋಗಬೇಕಾದರೆ ನೆನಪು ಕೆಲಸಕ್ಕೆ ಬಾರದು. ಬೇರೆಯದೇ ಒಂದು ಆಸರೆ ಬೇಕು.

ಆ ಆಸರೆಯನ್ನು ನಾವು ಸಾಮಾನ್ಯವಾಗಿ ಹುಡುಕುವುದು ದೊಡ್ಡ ಸ್ಮಾರಕಗಳಲ್ಲಿ. 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಚೆನ್ನಕೇಶವ, ಅದರ ಬೆನ್ನಿಗೇ ಎದ್ದ ಹಳೇಬೀಡಿನ ಹೊಯ್ಸಳೇಶ್ವರ ಇವೆರಡೂ 2023ರಲ್ಲಿ ಸೋಮನಾಥಪುರದೊಂದಿಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅವುಗಳ ಮುಂದೆ ನಿಂತಾಗ ಆಗುವ ಬೆರಗನ್ನು ನಾನು ಕಡಿಮೆ ಮಾಡಿ ಹೇಳಲಾರೆ. ಆದರೂ ನನ್ನ ಅನುಭವದಲ್ಲಿ ಆ ಬೆರಗು ನನ್ನನ್ನು ಇಂದಿನಲ್ಲಿಯೇ ನಿಲ್ಲಿಸುತ್ತದೆ. ಹಳೇಬೀಡಿನ ಗೋಡೆಯ ತಳದಲ್ಲಿ ಸಾಲುಗಟ್ಟಿ ನಡೆಯುವ ಆನೆಗಳು, ಅವುಗಳ ಮೇಲಿನ ಸಿಂಹಗಳು, ಬಳ್ಳಿಗಳು, ಕುದುರೆ ಸವಾರರು, ಪುರಾಣದ ಕಥೆಗಳು, ಮಕರಗಳು, ಹಂಸಗಳು ಎಲ್ಲವೂ ನೋಡುವವರಿಗಾಗಿಯೇ ಕೆತ್ತಿದವು. ಅರಸನ ಶಾಸನವೂ ಹಾಗೆಯೇ. ಸೂರ್ಯಚಂದ್ರರಿರುವವರೆಗೆ ಮುಂದಿನವರು ಓದಲಿ ಎಂದೇ ಬರೆಸಿದ್ದು. ಅಂದರೆ ಆ ಕಾಲದವರು ನಾವು ಬರುತ್ತೇವೆಂದು ತಿಳಿದು, ಅಣಿಯಾಗಿ, ನಮ್ಮತ್ತ ಮುಖಮಾಡಿ ನಿಂತಿದ್ದಾರೆ. ನೆಂಟರು ಬರುವ ಸುದ್ದಿ ತಿಳಿದು ಸಾರಿಸಿ ರಂಗೋಲಿ ಹಾಕಿದ ಮನೆಯನ್ನು ನೋಡಿ ಆ ಮನೆಯವರ ದಿನನಿತ್ಯದ ಬಾಳುವೆ ಇಂಥದ್ದೆಂದು ಹೇಳಲಾಗದು. ಹಿಂದಿನ ಕಾಲ ನಿಜವಾಗಿ ಕೈಗೆ ಸಿಗುವುದು, ನಮಗೆಂದು ಬಿಡದೆ ಹೋದ ಗುರುತುಗಳಲ್ಲಿ.

ಅರಸೀಕೆರೆಯಿಂದ ದಕ್ಷಿಣಕ್ಕೆ ಕೆಲವೇ ಮೈಲಿ ದೂರದ ಹಾರನಹಳ್ಳಿಯಲ್ಲಿ ಸುಮಾರು 1235ರ ಎರಡು ಹೊಯ್ಸಳ ದೇವಾಲಯಗಳಿವೆ. ಒಂದು ಲಕ್ಷ್ಮೀನರಸಿಂಹನದು, ಇನ್ನೊಂದು ಸೋಮೇಶ್ವರನದು. ಸೋಮೇಶ್ವರ ದೇವಾಲಯದ ಹೊರಗೋಡೆಯ ಪಟ್ಟಿಕೆಗಳನ್ನು ಅನುಸರಿಸುತ್ತ ಹೋದರೆ ಕೆತ್ತನೆ ನಿಂತುಹೋಗಿ, ಅಲ್ಲಿಂದ ಮುಂದೆ ಬರಿಯ ಕಲ್ಲು ಕಾಣುತ್ತದೆ. ಕಲ್ಲನ್ನು ಅಳತೆಗೆ ಕಡಿದು, ಮಟ್ಟ ಮಾಡಿ, ಗೋಡೆಯಲ್ಲಿ ಕೂರಿಸಿದ್ದಾರೆ. ಚಿತ್ತಾರ ಮಾತ್ರ ಬಂದಿಲ್ಲ. ಈ ಒಂದು ಕೊರತೆಯಿಂದ ಆ ಕಾಲದ ಕೆಲಸದ ಕ್ರಮವೆಲ್ಲ ಬಯಲಾಗುತ್ತದೆ. ಗಾರೆಯಿಲ್ಲದೆ, ಸಂದು ಕಾಣದಂತೆ ಕಲ್ಲಿಗೆ ಕಲ್ಲು ಜೋಡಿಸಿ ಗೋಡೆಯನ್ನು ಮೊದಲು ನಿಲ್ಲಿಸಿಕೊಳ್ಳುತ್ತಿದ್ದರು. ಸೂಕ್ಷ್ಮ ಕೆತ್ತನೆಯ ಬಹುಭಾಗವನ್ನು ಆಮೇಲೆ, ಕಟ್ಟಡದ ಮೇಲೆಯೇ ಮಾಡುತ್ತಿದ್ದರು. ಇಡೀ ಕೆಲಸಕ್ಕೆ ಆರಿಸಿಕೊಂಡದ್ದು ಬಳಪದ ಕಲ್ಲು. ಗಣಿಯಿಂದ ತೆಗೆದ ಹೊಸದರಲ್ಲಿ ಇದು ಮೆದುವಾಗಿದ್ದು ಉಳಿಗೆ ಸುಲಭವಾಗಿ ಬಗ್ಗುತ್ತದೆ, ಗಾಳಿಗೆ ಬಿದ್ದಂತೆ ಗಟ್ಟಿಯಾಗುತ್ತದೆ. ಹಾಗಾಗಿ ಕೆತ್ತುವವನಿಗೆ ಒಂದು ಬಗೆಯ ಅವಸರ ಇದ್ದೇ ಇರುತ್ತಿತ್ತು.

ನಾನು ಆ ಬರಿಯ ಪಟ್ಟಿಕೆಯ ಮೇಲೆ ಬೆರಳಾಡಿಸುತ್ತ, ಕೆತ್ತನೆ ಮುಗಿದು ಖಾಲಿ ಕಲ್ಲು ಶುರುವಾಗುವ ಅಂಚಿನಲ್ಲಿ ನಿಂತೆ. ಒಂದು ಸಂಜೆ ಯಾರೋ ಒಬ್ಬ, ನಾಳೆ ಮುಂದುವರಿಸಿದರಾಯಿತೆಂದು ಚಾಣವನ್ನು ಚೀಲಕ್ಕೆ ಹಾಕಿಕೊಂಡು ಇದೇ ಜಾಗದಿಂದ ಎದ್ದುಹೋಗಿದ್ದಾನೆ. ಆ ನಾಳೆ ಬರಲಿಲ್ಲ. ಯುದ್ಧ ಬಂತೋ, ದಾನಿಯ ಹಣ ತೀರಿತೋ, ತಂಡ ಇನ್ನೊಂದು ಊರಿನ ಕೆಲಸಕ್ಕೆ ಹೊರಟಿತೋ ಎಂದು ನಾನು ಯೋಚಿಸುತ್ತಿರುವಾಗ, ಆವರಣದಲ್ಲಿ ಹುಲ್ಲು ಕೀಳುತ್ತಿದ್ದ ಹಿರಿಯರೊಬ್ಬರು ನನ್ನ ಮುಖ ನೋಡಿ, “ಕೂಲಿ ಸರಿಯಾಗಿ ಕೊಟ್ಟಿರಕ್ಕಿಲ್ಲ ಬಿಡಿ ಸಾರ್, ಇನ್ನೇನು” ಎಂದು ಮತ್ತೆ ಕೆಲಸಕ್ಕೆ ಬಗ್ಗಿದರು. ವಿದ್ವಾಂಸರ ಊಹೆಗಳಲ್ಲಿ ಇದಕ್ಕಿಂತ ನೇರವಾದದ್ದನ್ನು ನಾನು ಓದಿಲ್ಲ. ಪೂರ್ಣಗೊಂಡ ಗೋಡೆ ಹದಿಮೂರನೆಯ ಶತಮಾನವನ್ನು ತೋರಿಸುತ್ತದೆ. ಈ ಅರೆಗೆಲಸ ಆ ಶತಮಾನದ ಒಂದು ದಿನವನ್ನು, ಅದರ ಕೂಲಿ, ಆಯಾಸ, ಅನಿಶ್ಚಯಗಳ ಸಮೇತ ನಮ್ಮ ಮುಂದಿಡುತ್ತದೆ.

ಕೂಲಿಯ ಮಾತು ಬಂದದ್ದರಿಂದ ಮಲ್ಲಿತಮ್ಮನನ್ನು ನೆನೆಯಬೇಕು. ಹೊಯ್ಸಳ ಶಿಲ್ಪಿಗಳು ತಮ್ಮ ಕೃತಿಗಳ ಕೆಳಗೆ ಹೆಸರು ಹಾಕುತ್ತಿದ್ದರೆಂಬುದು ಪ್ರಸಿದ್ಧವಾದ ಸಂಗತಿ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣನ ಹೆಸರುಗಳಿವೆ. ಕೆಲವರ ಹೆಸರಿನ ಜೊತೆಗೆ ಎದುರಾಳಿ ರೂವಾರಿಗಳ ಸೊಕ್ಕನ್ನು ಮುರಿದವನೆಂಬ ಧಾಟಿಯ ಬಿರುದುಗಳೂ ಇವೆ. ಮಲ್ಲಿತಮ್ಮನದು ಬೇರೆ ಸ್ವಭಾವ. 1246ರ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ಬೈಚೋಜನೆಂಬ ಇನ್ನೊಬ್ಬನೊಂದಿಗೆ ಅವನು ಕೆಲಸವನ್ನು ಹಂಚಿಕೊಂಡಿದ್ದಾನೆ. 1258ರ ಸೋಮನಾಥಪುರದಲ್ಲಿ ಅವನ ರುಜು ಹತ್ತಾರು ಕಡೆ ಸಿಗುತ್ತದೆ. ಕೆಲವೆಡೆ ಪೂರ್ತಿ ಹೆಸರಿದೆ, ಕೆಲವೆಡೆ ‘ಮಲ್ಲಿ’ ಎಂದಿದೆ, ಇನ್ನು ಕೆಲವೆಡೆ ಬರಿಯ ‘ಮ’. ಚಿಕ್ಕಮಗಳೂರು ಜಿಲ್ಲೆಯ ಅಮೃತಪುರದಲ್ಲಿ, 1196ರಷ್ಟು ಹಿಂದೆಯೇ ಅವನು ದುಡಿದಿದ್ದನೆಂದು ವಿದ್ವಾಂಸರು ಹೇಳುತ್ತಾರೆ. ಅರುವತ್ತು ವರ್ಷಕ್ಕೂ ಮೀರಿ ಒಬ್ಬನೇ ಉಳಿ ಹಿಡಿದಿದ್ದನೆಂಬುದಕ್ಕಿಂತ, ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ನಮ್ಮ ಪದ್ಧತಿಯನ್ನು ನೆನೆದು, ಇಬ್ಬರು ಮಲ್ಲಿತಮ್ಮರಿದ್ದಿರಬಹುದೆಂದು ಊಹಿಸುವುದು ನನಗೆ ಹೆಚ್ಚು ಹಿತವೆನಿಸುತ್ತದೆ. ಆ ಒಂಟಿ ‘ಮ’ ಅಕ್ಷರದಲ್ಲಿ ಕಲಾವಿದನ ಹೆಮ್ಮೆಯಿದೆಯೋ, ಯಾವ ವಿಗ್ರಹದ ಕೂಲಿ ಯಾರಿಗೆ ಸಲ್ಲಬೇಕೆಂಬ ಲೆಕ್ಕದ ಗುರುತಿದೆಯೋ, ನೀವೇ ನೋಡಿ ತೀರ್ಮಾನಿಸಿ. ನನ್ನ ಒಲವು ಲೆಕ್ಕದ ಕಡೆಗೆ. ಮುಂದಿನ ಪೀಳಿಗೆಗೆ ಹೆಸರುಳಿಸಬೇಕೆಂದು ಹೊರಟವನು ಒಂದೇ ಅಕ್ಷರಕ್ಕೆ ನಿಲ್ಲಿಸುವುದಿಲ್ಲ.

ಶ್ರವಣಬೆಳಗೊಳಕ್ಕೆ ಹೋಗುವವರು ವಿಂಧ್ಯಗಿರಿಯ ಮೆಟ್ಟಿಲುಗಳನ್ನು ಹತ್ತಿ, ಹತ್ತನೆಯ ಶತಮಾನದ ಆ ಐವತ್ತೇಳು ಅಡಿಯ ಮೂರ್ತಿಯನ್ನು ಕಂಡು, ಇಳಿದು, ಬಸ್ಸು ಹಿಡಿಯುತ್ತಾರೆ. ಎದುರಿನ ಚಿಕ್ಕ ಬೆಟ್ಟವಾದ ಚಂದ್ರಗಿರಿಯನ್ನು ಹತ್ತುವವರು ಕಡಿಮೆ. ಬೆಳಗೊಳದ ಐನೂರಕ್ಕೂ ಹೆಚ್ಚು ಶಾಸನಗಳಲ್ಲಿ ಅತ್ಯಂತ ಹಳೆಯವು ಇರುವುದು ಅಲ್ಲಿ, ಅದೂ ಕಾಲ ಕೆಳಗಿನ ಬಂಡೆಯ ಮೇಲೆ. ಆಹಾರ ತೊರೆಯುವ ಸಲ್ಲೇಖನ ವ್ರತದಿಂದ ದೇಹ ಬಿಟ್ಟ ಜೈನ ಮುನಿಗಳ ಬರಹಗಳ ಸುತ್ತಮುತ್ತ, ದಾನವಿಲ್ಲದ, ಬಿರುದಾವಳಿಯಿಲ್ಲದ, ಬಂದುಹೋದ ಯಾತ್ರಿಕರ ಹೆಸರುಗಳು ಹರಡಿಕೊಂಡಿವೆ. ಅವುಗಳ ನಡುವೆ ‘ಶ್ರೀ ಕವಿರತ್ನ’ ಎಂಬ ಒಂದು ಬರಹವಿದೆ. ಅದು ಮುದುವೊಳಲಿನ ಬಳೆಗಾರರ ಮನೆಯಲ್ಲಿ ಹುಟ್ಟಿ, ಚಾವುಂಡರಾಯನ ಆಶ್ರಯ ಪಡೆದು ಬೆಳೆದ ಕವಿ ರನ್ನನದೆಂದು ವಿದ್ವಾಂಸರು ಗುರುತಿಸಿದ್ದಾರೆ. ತರಗತಿಯಲ್ಲಿ ನಾವು ಓದಿದ ರನ್ನ ವೀರರಸದ ಮಹಾಕವಿ. ಈ ಬಂಡೆಯ ಮೇಲಿನ ರನ್ನ, ಬೆಟ್ಟ ಹತ್ತಿ ಬಂದು, ಬೆವರೊರೆಸಿಕೊಂಡು, ತಾನೂ ಇಲ್ಲಿಗೆ ಬಂದಿದ್ದೆನೆಂದು ಗುರುತು ಬಿಟ್ಟುಹೋದ ಒಬ್ಬ ಯಾತ್ರಿಕ. ಸಾವಿರ ವರ್ಷದ ಅಂತರ ಒಂದು ಮಾರಿನಷ್ಟಾಗುವುದು ಇಂಥಲ್ಲಿ. ಇದನ್ನು ಕೇಳಿದ ಮಾತ್ರಕ್ಕೆ ಯಾರೂ ಮೊಳೆ ಹಿಡಿದು ತಮ್ಮ ಹೆಸರನ್ನೂ, ಇನ್ನೊಬ್ಬರ ಹೆಸರನ್ನೂ, ನಡುವೆ ಒಂದು ಹೃದಯವನ್ನೂ ಕೊರೆಯಲು ಹೊರಡಬಾರದು. ಸಂರಕ್ಷಿತ ಸ್ಮಾರಕದಲ್ಲಿ ಅದು ಶಿಕ್ಷಾರ್ಹ ಅಪರಾಧ, ಮೇಲಾಗಿ ರನ್ನನ ಅಕ್ಷರ ಬಹಳ ಚೆನ್ನಾಗಿತ್ತು.

ಹಳೆಯ ಗುಡಿಗಳ ಜಗಲಿಯ ಮೇಲೆ ಕುಳಿತುಕೊಳ್ಳುವ ಅಭ್ಯಾಸವಿರುವವರು ಇನ್ನೊಂದನ್ನು ಕಂಡಿರುತ್ತೀರಿ. ಹಾಸುಗಲ್ಲಿನಲ್ಲಿ ಚೌಕಾಬಾರದ ಮನೆಗಳನ್ನೋ, ಆಡು–ಹುಲಿ ಆಟದ ಗೆರೆಗಳನ್ನೋ, ಅಳಗುಳಿ ಮಣೆಯ ಗುಳಿಗಳನ್ನೋ ಕೊರೆದಿರುತ್ತಾರೆ. ಇವಕ್ಕೆ ತಿಥಿ ವಾರಗಳಿಲ್ಲ, ಅರಸನ ಹೆಸರಿಲ್ಲ, ಯಾವ ಗೈಡೂ ಇವನ್ನು ತೋರಿಸುವುದಿಲ್ಲ. ಗುಳಿಗಳ ಅಂಚು ಮಾತ್ರ ಬೆರಳು ತಾಗಿ ತಾಗಿ ನುಣುಪಾಗಿರುತ್ತದೆ. ಪೂಜೆ ಮುಗಿಯುವುದನ್ನು ಕಾಯುತ್ತಲೋ, ಮಳೆ ನಿಲ್ಲುವುದನ್ನು ಕಾಯುತ್ತಲೋ ಕುಳಿತವರು ಗೆದ್ದದ್ದು, ಸೋತದ್ದು, ಜಗಳವಾಡಿದ್ದು ಎಲ್ಲ ಅಲ್ಲಿದೆ.

ಹಿಂದಿನ ಕಾಲಕ್ಕೆ ಹೋಗುವುದೆಂದರೆ ಸುಖವಾದ ಕಡೆಗೆ ಹೋಗುವುದು ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಹಳೆಯ ಬಂಗಲೆಯಲ್ಲಿ ಒಂದು ರಾತ್ರಿಗೆ ಸಾವಿರಾರು ರೂಪಾಯಿ ಕೊಟ್ಟು, ಲಾಟೀನಿನ ಆಕಾರದ ವಿದ್ಯುದ್ದೀಪದ ಕೆಳಗೆ ಊಟ ಮಾಡಿಬರುವ ಇಂದಿನ ಪ್ರವಾಸಕ್ಕೆ ಬಂಡವಾಳ ಅದೇ ಭಾವನೆ. ಅಂಥವರು ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಆವರಣದಲ್ಲಿರುವ ಗರುಡಗಂಬವನ್ನು ಒಮ್ಮೆ ನಿಧಾನವಾಗಿ ನೋಡಬೇಕು. 1220ರಲ್ಲಿ ಹೊಯ್ಸಳ ಅರಸ ಇಮ್ಮಡಿ ವೀರಬಲ್ಲಾಳ ತೀರಿಕೊಂಡಾಗ, ಗರುಡರೆಂದು ಕರೆಸಿಕೊಳ್ಳುತ್ತಿದ್ದ ಅಂಗರಕ್ಷಕರು ತೊಡುತ್ತಿದ್ದ, ಒಡೆಯನಿಲ್ಲದ ಮೇಲೆ ಬದುಕಿರಬಾರದೆಂಬ ವ್ರತದಂತೆ, ಅವನ ದಂಡನಾಯಕ ಕುವರ ಲಕ್ಷ್ಮನೂ ಅವನ ಪರಿವಾರದವರೂ ಪ್ರಾಣ ಬಿಟ್ಟದ್ದನ್ನು ಆ ಕಂಬ ದಾಖಲಿಸುತ್ತದೆ. ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳಲು ಕತ್ತಿಯೆತ್ತಿದ ವೀರರ ಆಕೃತಿಗಳು ಅದರ ಮೇಲಿವೆ. ಅವರ ಮುಖಗಳಲ್ಲಿ ಅಳುಕಿಲ್ಲ, ಅದೇ ನೋಡುವವನಿಗೆ ಅಳುಕನ್ನು ತರುತ್ತದೆ. ಎದುರಿನ ಗೋಡೆಯ ನರ್ತಕಿಯರನ್ನು ಕೆತ್ತಿದ ಸಮಾಜವೇ ಇದನ್ನೂ ಮೆಚ್ಚಿ ಕಂಬವೆತ್ತಿತು. ಆ ಕಾಲದಲ್ಲಿ ನಾನು ಅಪರಿಚಿತ, ಅಲ್ಲಿನ ನ್ಯಾಯ ನನ್ನ ನ್ಯಾಯವಲ್ಲ ಎಂದು ಮೈಮೇಲೆ ಮುಳ್ಳೇಳುವ ಆ ಗಳಿಗೆಯಲ್ಲಿ ನಾನು ನಿಜವಾಗಿ ಹದಿಮೂರನೆಯ ಶತಮಾನಕ್ಕೆ ಕಾಲಿಟ್ಟಿದ್ದೆನೆಂದು ನಂಬುತ್ತೇನೆ.

ಕೊನೆಯದಾಗಿ, ಇಷ್ಟೊಂದು ಹಳೆಯದಲ್ಲದ ಒಂದು ಜಾಗ. ಹಾಸನದ ಹತ್ತಿರ ಶೆಟ್ಟಿಹಳ್ಳಿಯಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಇಗರ್ಜಿಯೊಂದಿದೆ. ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿದಾಗ ಸುತ್ತಲಿನ ಹಳ್ಳಿಗಳು ಎದ್ದುಹೋದವು, ಇಗರ್ಜಿ ಉಳಿಯಿತು. ಮಳೆಗಾಲ ಹಿಡಿದು ಜಲಾಶಯ ತುಂಬಿದಾಗ ಅರ್ಧಕ್ಕರ್ಧ ಮುಳುಗಿ, ಬೇಸಿಗೆಯಲ್ಲಿ ನೀರಿಳಿದಾಗ ಚಾವಣಿಯಿಲ್ಲದ ಕಮಾನುಗಳೊಂದಿಗೆ ಪೂರ್ತಿ ಹೊರಬೀಳುವ ಅದರ ಮುಂದೆ ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳುವವರ ಸಾಲೇ ಇರುತ್ತದೆ. ಅವರಿಗೆ ಅದು ಯಾವುದೋ ಯುಗದ ಚೆಲುವಾದ ಅವಶೇಷ. ಮುಳುಗಡೆಯಾಗಿ ಬೇರೆಡೆ ನೆಲೆ ಕಂಡ ಕುಟುಂಬದ ಇಬ್ಬರು ಹಿರಿಯರೊಂದಿಗೆ ನಾನು ಒಮ್ಮೆ ಆ ದಂಡೆಯಲ್ಲಿ ನಿಂತಿದ್ದೆ. ಅವರು ಬಾವ ಮತ್ತು ನಾದಿನಿ. ಕಣದ ಪಕ್ಕದ ಹುಣಸೆಮರ ಎಲ್ಲಿತ್ತೆಂದು ಬಾವನವರು ನೀರಿನ ಒಂದು ಕಡೆಗೆ ಕೈ ತೋರಿಸಿದರು. “ಏ ಬಿಡಿ ಬಾವ, ಅದು ನಮ್ಮ ಮನೆ ಹಿತ್ತಲು, ಮರ ಇದ್ದಿದ್ದು ಆಚೆ ಕಡೆ” ಎಂದು ಆಕೆ ಇನ್ನೊಂದು ಕಡೆಗೆ ಕೈ ತೋರಿಸಿದರು. ಇಬ್ಬರೂ ಸೋಲಲಿಲ್ಲ, ಕಾರು ಹತ್ತಿದ ಮೇಲೂ, ಹಾಸನ ತಲುಪುವವರೆಗೂ, ಆ ಮರದ ಸುತ್ತಲೇ ವಾದ ನಡೆದಿತ್ತು. ನಮಸ್ಕಾರ.