ಪೆಟ್ಟು ಬಿದ್ದ ವಾರವೇ ಆಗಬೇಕಾದ ಕಾಗದ

ಎಲ್ಲರಿಗೂ ನಮಸ್ಕಾರ. ರಜೆಯ ಮೇಲೆ ಬಂದಿರುವ ಜವಾನರು, ಅವರ ಮನೆಯವರು ಇಲ್ಲಿ ಕೂತಿದ್ದೀರಿ. ಮನೆಯವರೂ ಗಮನವಿಟ್ಟು ಕೇಳಿ. ಜವಾನರು ಮುಚ್ಚಿಡುವುದನ್ನು ಕೊನೆಗೆ ಹೊರಗೆಳೆಯುವವರು ನೀವೇ.

ಸೇನೆಯಲ್ಲಿ ಗಾಯವಾದವರ ಪರಿಹಾರ ಎಂದ ಕೂಡಲೇ ನಮ್ಮವರು ನಿವೃತ್ತಿಯ ದಿನದ ಲೆಕ್ಕ ಹಾಕುತ್ತಾರೆ. ಅಂಗವೈಕಲ್ಯದ ಹಣ ಕೈಗೆ ಬರುವುದು ಬಹುಪಾಲು ಆಗಲೇ, ನಿಜ. ಆದರೆ ಅದು ಬರುತ್ತದೋ ಇಲ್ಲವೋ ಎನ್ನುವುದು ಪೆಟ್ಟು ಬಿದ್ದ ವಾರದಲ್ಲೇ ಅರ್ಧ ತೀರ್ಮಾನವಾಗಿರುತ್ತದೆ.

ಹೀಗೆಂದುಕೊಳ್ಳಿ. ಸಂಜೆ ಗೇಮ್ಸ್ ಪರೇಡಿನಲ್ಲಿ ವಾಲಿಬಾಲ್ ಆಡುವಾಗ ಒಬ್ಬನ ಮೊಣಕಾಲು ತಿರುಚುತ್ತದೆ. ಮುಂದಿನ ತಿಂಗಳು ಅವನ ಪ್ರಮೋಷನ್ ಕೇಡರ್, ಅಂದರೆ ಬಡ್ತಿಗೆ ಬೇಕಾದ ತರಬೇತಿ ಇದೆ. ಯೂನಿಟ್ಟಿನ ಚಿಕಿತ್ಸಾ ಕೊಠಡಿಯಾದ ಎಂಐ ರೂಮಿಗೆ ಹೋದರೆ 'ಕಾಮ್‌ಚೋರ್' (ಕೆಲಸಗಳ್ಳ) ಎನ್ನುತ್ತಾರೆ, ಮೆಡಿಕಲ್ ಕ್ಯಾಟಗರಿ, ಅಂದರೆ ದೇಹದ ಅರ್ಹತೆಯ ದರ್ಜೆ, ಇಳಿದರೆ ಕೇಡರ್ ಹೋಯಿತು ಎಂದು ಹೆದರಿ ಮುಲಾಮು ತಿಕ್ಕಿ ಮಲಗುತ್ತಾನೆ. ಐದಾರು ವರ್ಷ ಕಳೆದು ಕಾಲು ಮಡಚಲಾಗದ ಸ್ಥಿತಿ ಬಂದಾಗ ಸೇನೆಯ ವೈದ್ಯರ ಮಂಡಳಿಯಾದ ಮೆಡಿಕಲ್ ಬೋರ್ಡಿನ ಮುಂದೆ ನಿಲ್ಲುತ್ತಾನೆ. 'ಯಾವಾಗ ಬಿದ್ದೆ? ಕಾಗದ ಎಲ್ಲಿ?' ಎಂದು ಬೋರ್ಡ್ ಕೇಳುತ್ತದೆ. ಕಾಗದ ಇಲ್ಲ. ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ ಎಂದು ಬರೆದು ಬೋರ್ಡ್ ಫೈಲು ಮುಚ್ಚುತ್ತದೆ. ಯೂನಿಟ್ ನಡೆಸುವ ಆಟ, ಪಿಟಿ ಎಲ್ಲವೂ ಡ್ಯೂಟಿಯ ಲೆಕ್ಕಕ್ಕೇ ಬರುತ್ತವೆ. ಅವನಿಗೆ ಹಕ್ಕಿತ್ತು, ಪುರಾವೆ ಇರಲಿಲ್ಲ ಅಷ್ಟೇ.

ಆ ಪುರಾವೆಯ ಹೆಸರು ಇಂಜುರಿ ರಿಪೋರ್ಟ್, ಫಾರಂ ಐಎಎಫ್‌ವೈ-2006. ಗಾಯ ಎಂಥದ್ದೆಂದು ವೈದ್ಯಾಧಿಕಾರಿ ಬರೆಯುತ್ತಾರೆ. ಜವಾನ ಆಗ ಡ್ಯೂಟಿಯಲ್ಲಿದ್ದನೇ, ತಪ್ಪು ಅವನದೇ, ಗಾಯಕ್ಕೂ ಸೇವೆಗೂ ಸಂಬಂಧವಿದೆಯೇ ಎಂಬುದಕ್ಕೆ ಕಮಾಂಡಿಂಗ್ ಆಫೀಸರ್ ಉತ್ತರಿಸಬೇಕು. ಗಾಯ ತೀವ್ರವಾಗಿದ್ದರೆ ಕೋರ್ಟ್ ಆಫ್ ಎನ್‌ಕ್ವಯರಿ, ಅಂದರೆ ಸೇನೆಯ ಒಳಗಿನ ವಿಚಾರಣೆಯೂ ಆಗಬೇಕು. ಇಲ್ಲಿ ಒಂದೊಂದು ವಾಕ್ಯವೂ ಮುಖ್ಯ. 'ಜಾರಿ ಬಿದ್ದ' ಎಂದಷ್ಟೇ ಬರೆದರೆ ಸ್ನಾನದ ಮನೆಯಲ್ಲಿ ಜಾರಿದನೋ, ಪೆಟ್ರೋಲಿಂಗ್ ದಾರಿಯಲ್ಲೋ ಯಾರಿಗೂ ಗೊತ್ತಾಗುವುದಿಲ್ಲ. ಯಾರ ಆದೇಶದ ಮೇಲೆ ಹೋಗಿದ್ದ, ಎಷ್ಟು ಗಂಟೆ, ಯಾವ ಜಾಗ, ಪಕ್ಕದಲ್ಲಿ ಯಾರಿದ್ದರು ಎಂಬುದೆಲ್ಲ ಅದರಲ್ಲಿ ಬರಬೇಕು. ಕಂಡವರ ಹೇಳಿಕೆಯನ್ನು ಆಗಲೇ ಪಡೆಯಬೇಕು. ವರ್ಷ ಕಳೆದರೆ ಒಬ್ಬ ಪೋಸ್ಟಿಂಗ್ ಮೇಲೆ ಈಶಾನ್ಯದಲ್ಲಿರುತ್ತಾನೆ, ಇನ್ನೊಬ್ಬ ಪೆನ್ಷನ್ ಹೋಗಿರುತ್ತಾನೆ. ಕ್ಲರ್ಕ್ ಸಾಹೇಬರಿಗೆ ಬೇಸರವಾದರೂ ಚಿಂತೆಯಿಲ್ಲ, ವಿನಯವಾಗಿ ಬೆನ್ನು ಹತ್ತಿ.

ಕ್ಯಾಟಗರಿಯ ಭಯ ಸುಳ್ಳೆಂದು ನಾನು ಹೇಳುವುದಿಲ್ಲ. ಪ್ರಮೋಷನ್, ಕೋರ್ಸು, ಪೋಸ್ಟಿಂಗ್ ಎಲ್ಲಕ್ಕೂ ಅದರ ನೆರಳು ಬೀಳುತ್ತದೆ. ಆದರೆ ಕ್ಯಾಟಗರಿ ಇಳಿದ ಮಾತ್ರಕ್ಕೆ ಮನೆಗೆ ಕಳಿಸುತ್ತಾರೆ ಎಂಬುದು ತಪ್ಪು. ತಾತ್ಕಾಲಿಕ ಕ್ಯಾಟಗರಿ ಮರುಪರೀಕ್ಷೆಯಲ್ಲಿ ಮತ್ತೆ ಮೇಲೇರಬಹುದು. ಕಾಲು ಕಳೆದುಕೊಂಡೂ ಸಮವಸ್ತ್ರ ಬಿಡದವರಿದ್ದಾರೆ. 1971ರ ಯುದ್ಧದಲ್ಲಿ ನೆಲಬಾಂಬಿಗೆ ಕಾಲು ಛಿದ್ರವಾದ ಮೇಜರ್ ಇಯಾನ್ ಕಾರ್ಡೋಜೊ ಮುಂದೆ ಬೆಟಾಲಿಯನ್ನನ್ನೂ ಬ್ರಿಗೇಡನ್ನೂ ಮುನ್ನಡೆಸಿ ಮೇಜರ್ ಜನರಲ್ ಆದರು. ಅಸ್ಸಾಂ ರೆಜಿಮೆಂಟಿನ ಹೊಕಾಟೊ ಹೊಟೊಜೆ ಸೆಮಾ 2002ರಲ್ಲಿ ನೆಲಬಾಂಬಿಗೆ ಎಡಗಾಲು ಕೊಟ್ಟರು. ಸೇವೆಯಲ್ಲಿದ್ದುಕೊಂಡೇ 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನ ಗುಂಡು ಎಸೆತದಲ್ಲಿ ಕಂಚು ಗೆದ್ದರು. ಕೃತಕ ಕಾಲಿಗೆ ಪುಣೆಯ ಆರ್ಟಿಫಿಶಿಯಲ್ ಲಿಂಬ್ ಸೆಂಟರ್ ಇದೆ, ಬೆನ್ನುಹುರಿಗೆ ಪೆಟ್ಟಾದವರಿಗೆ ಖಡಕಿಯ ಪುನರ್ವಸತಿ ಕೇಂದ್ರವಿದೆ. ಬೇಕಾದವರು ಕೇಳಿ ಪಡೆಯಬೇಕು, ದಾಕ್ಷಿಣ್ಯ ಬೇಡ.

ಕಾಯಿಲೆಯ ವಿಷಯ ಬೇರೆ, ಅದಕ್ಕೆ ಬಿದ್ದ ಗಳಿಗೆ ಎಂಬುದಿಲ್ಲ. ಧರಮ್‌ವೀರ್ ಸಿಂಗ್ ಎಂಬ ಸಿಪಾಯಿಯನ್ನು ಮೂರ್ಛೆರೋಗದ ಕಾರಣಕ್ಕೆ ಸೇನೆ ಹೊರಗೆ ಕಳಿಸಿತು. ರೋಗಕ್ಕೂ ಸೇವೆಗೂ ಸಂಬಂಧವಿಲ್ಲವೆಂದು ಪಿಂಚಣಿ ನಿರಾಕರಿಸಿತು. 2013ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಭರ್ತಿಯ ದಿನ ದಾಖಲೆಯಲ್ಲಿ ರೋಗದ ಸುಳಿವಿಲ್ಲದಿದ್ದರೆ ಆ ಮನುಷ್ಯ ಆರೋಗ್ಯವಂತನಾಗಿಯೇ ಬಂದ ಎಂದು ಭಾವಿಸಬೇಕು, ಸಂಬಂಧವಿಲ್ಲವೆಂದು ತೋರಿಸುವ ಹೊಣೆ ಇಲಾಖೆಯದು, ಬೋರ್ಡ್ ಕಾರಣ ಕೊಡಬೇಕು ಎಂದಿತು. ಎಷ್ಟೋ ಮನೆಗಳಿಗೆ ಈ ತೀರ್ಪು ಆಸರೆಯಾಯಿತು. ಆದರೆ 2023ರ ಸೆಪ್ಟೆಂಬರ್ 21ರಿಂದ ಅಂಗವೈಕಲ್ಯ ಪಿಂಚಣಿಗೆ ಹೊಸ ನಿಯಮಾವಳಿ ಜಾರಿಯಲ್ಲಿದೆ. ಹತ್ತು ವರ್ಷದ ಹಿಂದೆ ಪೆನ್ಷನ್ ಬಂದ ದೊಡ್ಡಪ್ಪನ ಅನುಭವವನ್ನು ನಿಮ್ಮ ಪ್ರಕರಣಕ್ಕೆ ಹಾಗೆಯೇ ಅಂಟಿಸಬೇಡಿ.

ರಜೆಯಲ್ಲಾದ ಅಪಘಾತದ ಬಗ್ಗೆ ಎಲ್ಲರೂ ಕೇಳುತ್ತೀರಿ. ಡ್ಯೂಟಿಯ ಜಾಗಕ್ಕೂ ಮನೆಗೂ ನಡುವಿನ ಪ್ರಯಾಣದಲ್ಲಿ ಪೆಟ್ಟಾದರೆ ಹಕ್ಕು ಸಾಧಿಸಬಹುದು. ಕ್ಯಾಶುಯಲ್ ರಜೆಯ ಮೇಲೆ ಸ್ವಂತ ಖರ್ಚಿನಲ್ಲಿ ಹೊರಟು ರೈಲು ಇಳಿಯುವಾಗ ಕೈ ಕಳೆದುಕೊಂಡ ಯೋಧನಿಗೆ 1999ರಲ್ಲಿ ಸುಪ್ರೀಂ ಕೋರ್ಟ್ ಪಿಂಚಣಿ ಕೊಡಿಸಿತು. ಊರಿನಲ್ಲಿ ಬೈಕ್ ಓಡಿಸಿ ಬಿದ್ದರೆ ಸೇವೆಯ ನಂಟು ತೋರಿಸುವುದು ಕಷ್ಟ.

ಇನ್ನು ಹಣ. ಶೇಕಡಾ 20ಕ್ಕಿಂತ ಕಡಿಮೆ ಅಂಗವೈಕಲ್ಯ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಬೋರ್ಡ್ ನಮೂದಿಸುವ ಶೇಕಡಾವಾರು ಏನೆಂದು ಕೇಳಿ ತಿಳಿದುಕೊಳ್ಳಿ. ಸೇವೆಯಲ್ಲಿ ಉಳಿದವರ ಮುಂದೆ ಒಂದು ಆಯ್ಕೆ ಬರುವುದುಂಟು. ನಿವೃತ್ತಿಯ ನಂತರ ಪಿಂಚಣಿಯ ಜೊತೆ ತಿಂಗಳು ತಿಂಗಳು ಬರುವ ಅಂಗವೈಕಲ್ಯ ಭಾಗದ ಬದಲು ಈಗಲೇ ಒಂದೇ ಗಂಟಿನ ಮೊತ್ತ. 2001ರ ರಕ್ಷಣಾ ಸಚಿವಾಲಯದ ಆದೇಶದ ಪ್ರಕಾರ ಆ ಗಂಟು ತೆಗೆದುಕೊಂಡರೆ ಅದೇ ಗಾಯಕ್ಕೆ ಮುಂದೆ ಏನೂ ಸಿಗದು. ಮನೆ ಕಟ್ಟುವಾಗಲೋ ತಂಗಿಯ ಮದುವೆಯ ಹೊತ್ತಿಗೋ ಈ ಕಾಗದ ಬಂದರೆ ಸಹಿ ಹಾಕಲು ಕೈ ತವಕಿಸುತ್ತದೆ. ನಿಮಗೆ ಯಾವ ನಿಯಮ ಅನ್ವಯಿಸುತ್ತದೆ ಎಂದು ಜವಾನರ ಸೇವಾ ದಾಖಲೆ ಇಡುವ ರೆಕಾರ್ಡ್ ಆಫೀಸಿನಿಂದ ಬರವಣಿಗೆಯಲ್ಲಿ ಪಡೆದು, ಮನೆಯಲ್ಲಿ ಕೂತು ಲೆಕ್ಕ ಮಾಡಿ. ಮೂವತ್ತೈದು ನಲವತ್ತರ ವಯಸ್ಸಿಗೆ ಪೆನ್ಷನ್ ಬರುವವನು ಮುಂದೆ ಎಷ್ಟು ವರ್ಷ ಬದುಕುತ್ತಾನೆ, ನೀವೇ ನೋಡಿ.

ಕ್ಲೇಮು ತಿರಸ್ಕೃತವಾದರೆ ಮೊದಲ ಮೇಲ್ಮನವಿಗೆ ಆರು ತಿಂಗಳ ಗಡುವು ಇದೆ. ಅಲ್ಲೂ ಆಗದಿದ್ದರೆ ಎರಡನೆಯ ಮೇಲ್ಮನವಿ, ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ತಿರಸ್ಕಾರದ ಪತ್ರ ಬಂದ ಲಕೋಟೆಯನ್ನೂ ಎಸೆಯಬೇಡಿ, ಅಂಚೆ ಮುದ್ರೆಯ ತಾರೀಖು ಅದರ ಮೇಲಿರುತ್ತದೆ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ. ಯಾರಾದರೂ ಇಂಜುರಿ ರಿಪೋರ್ಟಿನ ಪ್ರತಿ ತಂದಿದ್ದರೆ ಮೊದಲು ಅವರದ್ದೇ ನೋಡೋಣ.