ಗಾಲ್ಜಿಬಾಗದ ಕಡಲಾಮೆ, ಮಡಗಾಂವಿನ ಸಂಜೀವಿನಿ

ಇದು ಗೋವಾದ ಗಾಲ್ಜಿಬಾಗ ಕಡಲತೀರ. ಬಲೆ ಕಟ್ಟಿದ ಆ ಚೌಕ ಕಾಣುತ್ತಿದೆಯಲ್ಲ? ಅದರೊಳಗಿನ ಮರಳಿನಲ್ಲಿ ಆಲಿವ್ ರಿಡ್ಲಿ ಕಡಲಾಮೆಯ ಮೊಟ್ಟೆಗಳಿವೆ. ಒಂದು ಗೂಡಿನಲ್ಲಿ ಸುಮಾರು 100 ಇರುತ್ತವೆ. ಅರಣ್ಯ ಇಲಾಖೆಯವರು ಇದಕ್ಕಿಂತ ಹತ್ತಿರ ಬಿಡುವುದಿಲ್ಲ, ಬಿಡಲೂಬಾರದು. ಹಾಗಾಗಿ ನೀವು ಬಲೆಯನ್ನೇ ನೋಡುತ್ತಾ ನನ್ನ ಮಾತು ಕೇಳಬೇಕು.

ಕೈಯಲ್ಲಿರುವ ಈ ಕಂದು ಉಂಡೆ ಒಣಗಿ ಮುದುಡಿದ ಗಿಡ. ಇದನ್ನು ಮಡಗಾಂವ್ ಮಾರುಕಟ್ಟೆಯ ಹೊರಗೆ ಸಂಜೀವಿನಿ ಎಂದು ಮಾರುತ್ತಿದ್ದರು. 300 ರೂಪಾಯಿ! ನಾನು ಕನ್ನಡದಲ್ಲಿ ಗೊಣಗಿದ್ದು ಕೇಳಿ, "ಯಾವ ಊರು ಅಕ್ಕಾ?" ಎಂದ ಮಾರುವವ. ಬಾಗಲಕೋಟೆಯವನಂತೆ. ನಮ್ಮ ಕಡೆಯವಳೆಂದು 50 ರೂಪಾಯಿ ಇಳಿಸಿದ, ಅದಕ್ಕಿಂತ ಒಂದು ಪೈಸೆ ಇಳಿಯಲಿಲ್ಲ. ಪಕ್ಕದ ಟಬ್ಬಿನಲ್ಲಿ ಅರಳಿದ್ದ ಇನ್ನೊಂದನ್ನು ತೋರಿಸಿ, "ಸತ್ತದ್ದು ಬದುಕಿದೆ ನೋಡಿ" ಎಂದ. ಇಲ್ಲೇ ನನಗೆ ಸಿಟ್ಟು. ಇದು ಸೆಲಜಿನೆಲ್ಲ ಜಾತಿಯ ಗಿಡ. ನಿಜವಾಗಿ ಸತ್ತುಹೋದ ಗಿಡವೂ ನೀರು ಕುಡಿದರೆ ಎಲೆ ಬಿಚ್ಚಿಕೊಳ್ಳುತ್ತದೆ. ಅರಳುವುದು ದೊಡ್ಡದಲ್ಲ, ಹಸಿರಾಗಬೇಕು. ಜೀವ ಉಳಿದಿದ್ದರೆ ಮೈಯ ನೀರೆಲ್ಲ ಬಹುಪಾಲು ಆರಿದ ಮೇಲೂ ಮತ್ತೆ ಹಸಿರಾಗುತ್ತದೆ. ಅದನ್ನು ಯೋಚಿಸಿದರೆ 250 ಹೆಚ್ಚಲ್ಲ ಬಿಡಿ.

ಆಮೆಯ ಮುಂದೆ ಗಿಡ ಹಿಡಿದು ನಿಂತಿದ್ದೇಕೆ ಎಂದರೆ, ಇವೆರಡರ ಹಟ ತಿರುಗುಮುರುಗು. ಆಮೆ ಬದುಕೆಲ್ಲ ಕಡಲಿನಲ್ಲೇ ಕಳೆಯುತ್ತದೆ, ಆದರೆ ಮೊಟ್ಟೆಗೆ ಒಣ ನೆಲವೇ ಬೇಕು. ನೀರು ನಿಂತರೆ ಒಳಗಿನ ಮರಿ ಉಸಿರುಗಟ್ಟಿ ಸಾಯುತ್ತದೆ. ಈ ಗಿಡದ್ದು ನೆಲದ ಬಾಳು. ಹೂವಿಲ್ಲ, ಬೀಜವಿಲ್ಲ, ವಂಶ ಬೆಳೆಸಲು ಧೂಳಿನಂಥ ಬೀಜಕಣಗಳಷ್ಟೆ. ಆದರೆ ಅದರ ಗಂಡು ಕೋಶ ಹೆಣ್ಣಿನ ಬಳಿಗೆ ಈಜಿಕೊಂಡೇ ಹೋಗಬೇಕು. ತೆಳ್ಳಗಿನ ನೀರಿನ ಪೊರೆಯಾದರೂ ಇಲ್ಲದಿದ್ದರೆ ವಂಶ ಮುಂದುವರಿಯದು.

ಗಂಡು ಹೆಣ್ಣಿನ ಲೆಕ್ಕವೂ ಬೇರೆ. ಗಿಡದಲ್ಲಿ ದೊಡ್ಡ ಬೀಜಕಣ ಹೆಣ್ಣು, ಸಣ್ಣದು ಗಂಡು, ಮೊದಲೇ ತೀರ್ಮಾನ. ಆಮೆಯಲ್ಲಿ ಮರಳಿನ ಬಿಸಿ ತೀರ್ಮಾನಿಸುತ್ತದೆ: ಹೆಚ್ಚು ಕಾದರೆ ಹೆಣ್ಣುಮರಿಗಳೇ ಹೆಚ್ಚು. ಇಂದಿನ ಈ ಬಿಸಿಲಿಗೆ... ಅಂಗಾಲು ಸುಡುತ್ತಿದೆ, ಚಪ್ಪಲಿ ಆ ಗಾಳಿಮರದ ಕೆಳಗಿದೆ. ಈ ಊರಿನಲ್ಲಿ ಎಳನೀರಿನ ಬೆಲೆ ಕೇಳಿದಿರಾ? ಅದು ಬೇಡ, ಇನ್ನೊಂದು ವಿಡಿಯೊ ಆಗುತ್ತದೆ.

ನಾಯಿ! ಬಲೆಯ ಹತ್ತಿರ ನಾಯಿ ಬಂತು. ಕಾವಲಿನವರನ್ನು ಕರೆಯಬೇಕು, ಕ್ಯಾಮೆರಾ ಆರಿಸುತ್ತೇನೆ.